ಚಳಿಗಾಲದ ರಸ್ತೆ ಮತ್ತು ಗುಂಡಿಗಳು: ಹೈದರಾಬಾದ್ ನಗರದಿಂದ ಕಲಿಯಬಹುದಾದ ಪಾಠ

ನೈಋತ್ಯ ಮಾರುತಗಳು ಸಾಮಾನ್ಯವಾಗಿ ಅಕ್ಟೋಬರ್ ತಿಂಗಳ ನಡುಭಾಗದಲ್ಲಿ ತೆಲಂಗಾಣದಿಂದ ಹಿಂದೆ ಸರಿಯುತ್ತವೆ. ದೀಪಾವಳಿಯ ಹೊತ್ತಿಗೆ ಹೈದರಾಬಾದಿನ ಆಕಾಶ ತಿಳಿಯಾಗಿ, ಬೆಳಗಿನ ಗಾಳಿಯಲ್ಲಿ ಚಳಿ ಕಾಣಿಸಿಕೊಳ್ಳುತ್ತದೆ. ಪ್ರವಾಸಕ್ಕೂ ಮದುವೆ ಮುಂಜಿಗಳಿಗೂ ಒದಗಿಬರುವ ಹಿತಕರವಾದ ಕಾಲವಿದು. ಆದರೆ ವಾಹನ ನಡೆಸುವವರ ಪಾಲಿಗೆ ಇದೇ ಕಾಲ ಅತ್ಯಂತ ಬೇಸರದ ಕಾಲವೂ ಆಗಿರುತ್ತದೆ. ಮಳೆಗಾಲದಲ್ಲಿ ನೀರಿನಡಿ ಅಡಗಿದ್ದ ಗುಂಡಿಗಳೆಲ್ಲ ಈಗ ಬಾಯ್ದೆರೆದು ನಿಲ್ಲುತ್ತವೆ. ಎದ್ದುಹೋದ ಜಲ್ಲಿ ರಸ್ತೆಯ ಮೇಲೆ ಚೆಲ್ಲಿಕೊಂಡಿರುತ್ತದೆ. ಮುಂದಿನ ವಾಹನ ಎಬ್ಬಿಸಿದ ಧೂಳು ಹಿಂದಿನವನ ಕಣ್ಣನ್ನು ಮುಚ್ಚುತ್ತದೆ. ಅರ್ಧ ಗಂಟೆಯ ದಾರಿ ಒಂದು ಗಂಟೆಯಾಗುತ್ತದೆ.

ತೆಲುಗು ಭಾಷಿಕರು ಇದನ್ನು ‘ಗುಂತ’ ಎನ್ನುತ್ತಾರೆ. ಉರ್ದು ಮಾತನಾಡುವವರಿಗೆ ಇದು ‘ಗಡ್ಢಾ’. ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದು ನೆಲೆಸಿದ ಕನ್ನಡಿಗರಿಗೆ ‘ತಗ್ಗು’. ಹೆಸರು ಯಾವುದೇ ಇರಲಿ, ಅನುಭವ ಒಂದೇ. 1956ರ ನವೆಂಬರ್ 1ರವರೆಗೆ ಈ ಮೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಇಂದಿಗೂ ಚಿಕಿತ್ಸೆ, ವ್ಯಾಪಾರ, ಉದ್ಯೋಗಗಳಿಗಾಗಿ ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿಗಳ ಮಾರ್ಗವಾಗಿ ಆ ನಗರಕ್ಕೆ ಹೋಗಿಬರುವ ಕನ್ನಡಿಗರು ಅಸಂಖ್ಯ. ಆದ್ದರಿಂದ ಗುಂಡಿ ಹೇಗೆ ಹುಟ್ಟುತ್ತದೆ, ಚಳಿಗಾಲದಲ್ಲಿ ಅದರ ಉಪಟಳ ಹೆಚ್ಚುವುದೇಕೆ, ಅದರ ನಿವಾರಣೆಯಲ್ಲಿ ಯಾರ ಹೊಣೆ ಎಷ್ಟು ಎಂಬ ವಿಷಯಗಳನ್ನು ತಿಳಿಯುವುದು ಎಲ್ಲರಿಗೂ ಉಪಯುಕ್ತ.

ನೆಲ, ನೀರು ಮತ್ತು ನಗರ

ಹೈದರಾಬಾದ್ ನಗರ ಕಗ್ಗಲ್ಲಿನ ನೆಲದ ಮೇಲೆ ನಿಂತಿದೆ. ಬಂಡೆ ಅನೇಕ ಕಡೆಗಳಲ್ಲಿ ಮೇಲ್ಮೈಗೆ ಸಮೀಪದಲ್ಲಿಯೇ ಇರುವುದರಿಂದ ಮಳೆಯ ನೀರು ಆಳಕ್ಕೆ ಬೇಗನೆ ಇಂಗುವುದಿಲ್ಲ. ಇಳಿಜಾರನ್ನು ಹಿಡಿದು ಹರಿದು ಕೆರೆಯಿಂದ ಕೆರೆಗೆ ಸಾಗಿ ಮೂಸಿ ನದಿಯನ್ನು ಸೇರುವುದು ಅದರ ಸಹಜ ಮಾರ್ಗ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿಗೆ ಬಂದ ಮಹಾಪೂರ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಗರವನ್ನು ಇಂಥ ಅನಾಹುತದಿಂದ ಕಾಪಾಡುವ ಬಗೆಯನ್ನು ಸೂಚಿಸಲು ನಿಜಾಮ್ ಸರ್ಕಾರ ಆಹ್ವಾನಿಸಿದ್ದು ಕನ್ನಡಿಗರೇ ಆದ ಎಂ. ವಿಶ್ವೇಶ್ವರಯ್ಯನವರನ್ನು. ಪ್ರವಾಹವನ್ನು ತಡೆಯಲು ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕೆಂಬುದು ಅವರ ಮುಖ್ಯ ಸಲಹೆ. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಆ ಚಿಂತನೆಯ ಫಲ. ನಗರಕ್ಕೆ ಒಳಚರಂಡಿ ವ್ಯವಸ್ಥೆ ಬೇಕೆಂಬುದನ್ನೂ ಅವರು ಒತ್ತಿ ಹೇಳಿದ್ದರು. ನೀರಿಗೆ ದಾರಿ ಮಾಡಿಕೊಡದೆ ಜನರಿಗೆ ದಾರಿ ಮಾಡಿಕೊಡಲಾಗದು ಎಂಬ ತತ್ತ್ವ ರಸ್ತೆಗಳಿಗೂ ಅಷ್ಟೇ ಸಲ್ಲುತ್ತದೆ.

ಆ ತತ್ತ್ವವನ್ನು ಮರೆತರೆ ಏನಾಗುತ್ತದೆಂಬುದನ್ನು ಇತ್ತೀಚಿನ ವರ್ಷಗಳು ತೋರಿಸಿಕೊಟ್ಟಿವೆ. 2000ದ ಆಗಸ್ಟ್‌ನಲ್ಲಿ ಬೇಗಂಪೇಟೆಯಲ್ಲಿ ಒಂದೇ ದಿನ ಸುಮಾರು 24 ಸೆಂಟಿಮೀಟರ್ ಮಳೆ ಸುರಿಯಿತು. 2020ರ ಅಕ್ಟೋಬರ್ 13ರಂದು, ಮಳೆಗಾಲ ಮುಗಿಯಿತೆಂದು ಜನ ನಿಟ್ಟುಸಿರು ಬಿಡುವ ಹೊತ್ತಿನಲ್ಲಿ, ಮತ್ತೊಮ್ಮೆ ಭಾರಿ ಮಳೆಯಾಯಿತು. ಗಗನ್‌ಪಹಾಡ್ ಬಳಿ ಕೆರೆ ಒಡೆದು ಬೆಂಗಳೂರಿನತ್ತ ಹೋಗುವ ಹೆದ್ದಾರಿಯೇ ಕೊಚ್ಚಿಹೋಗಿ ಜೀವಹಾನಿ ಸಂಭವಿಸಿತು. ನಗರದ ನೂರಾರು ಬಡಾವಣೆಗಳ ರಸ್ತೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಆ ವರ್ಷದ ಚಳಿಗಾಲವನ್ನು ನಗರದ ಚಾಲಕರು ಹಾಳಾದ ರಸ್ತೆಗಳ ಮೇಲೆಯೇ ಕಳೆಯಬೇಕಾಯಿತು.

ಗುಂಡಿ ಹುಟ್ಟುವ ಬಗೆ

ಡಾಂಬರು ರಸ್ತೆ ಒಂದೇ ಪದರದ ವಸ್ತುವಲ್ಲ. ಕೆಳಗೆ ಗಟ್ಟಿ ಮಾಡಿದ ತಳಮಣ್ಣು, ಅದರ ಮೇಲೆ ಗರಸು ಮತ್ತು ದಪ್ಪ ಜಲ್ಲಿಯ ಹಾಸು, ಎಲ್ಲಕ್ಕೂ ಮೇಲೆ ಡಾಂಬರಿನಿಂದ ಬೆಸೆದ ಸಣ್ಣ ಜಲ್ಲಿಯ ಹೊದಿಕೆ ಇರುತ್ತದೆ. ಮೇಲಿನ ಹೊದಿಕೆಗೆ ಎರಡು ಕೆಲಸಗಳಿವೆ: ಚಕ್ರಗಳ ಭಾರವನ್ನು ಹಂಚಿ ಕೆಳಗಿಳಿಸುವುದು ಒಂದು, ನೀರು ಒಳಗಿಳಿಯದಂತೆ ತಡೆಯುವುದು ಇನ್ನೊಂದು. ಎರಡನೆಯ ಕೆಲಸ ತಪ್ಪಿದರೆ ಮೊದಲನೆಯದೂ ಕೆಡುತ್ತದೆ.

ಬಿಸಿಲಿಗೂ ಗಾಳಿಗೂ ಒಡ್ಡಿದ ಡಾಂಬರು ವರ್ಷ ಕಳೆದಂತೆ ಜಿಗುಟನ್ನು ಕಳೆದುಕೊಂಡು ಪೆಡಸಾಗುತ್ತದೆ. ಭಾರಿ ವಾಹನಗಳ ಓಡಾಟದಿಂದ ಅದರಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಬಿರುಕಿನ ಮೂಲಕ ಇಳಿದ ನೀರು ಜಲ್ಲಿ ಮತ್ತು ಡಾಂಬರುಗಳ ನಡುವೆ ಸೇರಿಕೊಳ್ಳುತ್ತದೆ. ಕಗ್ಗಲ್ಲಿನ ಜಲ್ಲಿಗೆ ಡಾಂಬರಿಗಿಂತ ನೀರಿನೊಡನೆ ಹೊಂದಿಕೆ ಹೆಚ್ಚು. ಆದುದರಿಂದ ನೀರು ಬಹುಕಾಲ ನಿಂತಲ್ಲಿ ಡಾಂಬರು ಕಲ್ಲನ್ನು ಬಿಟ್ಟು ಸುಲಿದುಕೊಳ್ಳುತ್ತದೆ. ಇದನ್ನು ತಡೆಯಲೆಂದೇ ಮಿಶ್ರಣಕ್ಕೆ ಸುಣ್ಣವನ್ನೋ ಅಂಟು ಹೆಚ್ಚಿಸುವ ರಾಸಾಯನಿಕವನ್ನೋ ಸೇರಿಸುವ ಪದ್ಧತಿ ಇದೆ. ಇಷ್ಟಾದ ಮೇಲೆ ಬಸ್ಸು ಲಾರಿಗಳ ಚಕ್ರ ಹಾಯ್ದಾಗಲೆಲ್ಲ ಒಳಗೆ ಸಿಕ್ಕಿಕೊಂಡ ನೀರು ಒತ್ತಡಕ್ಕೊಳಗಾಗಿ ನುಣ್ಣನೆಯ ಮಣ್ಣನ್ನು ಹೊರಕ್ಕೆ ಚಿಮ್ಮಿಸುತ್ತದೆ. ಕೆಳಗೆ ಪೊಳ್ಳಾಗುತ್ತದೆ, ಮೇಲಿನ ಹೊದಿಕೆ ಕುಸಿಯುತ್ತದೆ. ಗುಂಡಿ ಹುಟ್ಟಿತು.

ಭಾರದ ಪಾತ್ರವನ್ನೂ ಇಲ್ಲಿ ಗಮನಿಸಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ತಿಳಿದುಬಂದಂತೆ, ಅಚ್ಚಿನ ಮೇಲಿನ ಭಾರ ಹೆಚ್ಚಿದರೆ ರಸ್ತೆಗಾಗುವ ಹಾನಿ ಸರಿಸುಮಾರು ಅದರ ನಾಲ್ಕನೆಯ ಘಾತದಷ್ಟು ಹೆಚ್ಚುತ್ತದೆ. ಅಂದರೆ ಶೇಕಡಾ 20ರಷ್ಟು ಹೆಚ್ಚು ಹೇರಿದ ಲಾರಿ ಮಾಡುವ ಹಾನಿ ಎರಡರಷ್ಟು! ನೂರು ಕಾರುಗಳು ಮಾಡಲಾರದ ಕೆಡುಕನ್ನು ಮಿತಿಮೀರಿ ಹೇರಿದ ಒಂದೇ ಮರಳಿನ ಲಾರಿ ಮಾಡಬಲ್ಲದು.

ಜಹೀರಾಬಾದ್ ಮತ್ತು ಬೀದರ ಜಿಲ್ಲೆಯ ಕಡೆ ಬಂದರೆ ಎರೆಮಣ್ಣಿನ ಸಮಸ್ಯೆಯೂ ಸೇರುತ್ತದೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹೀಗೆ ಉಸಿರಾಡುವ ನೆಲದ ಮೇಲೆ ಹಾಸಿದ ರಸ್ತೆ, ಅಡಿಪಾಯವನ್ನು ಸರಿಯಾಗಿ ಮಾಡದಿದ್ದಲ್ಲಿ, ಅಂಚುಗಳಿಂದ ಸೀಳತೊಡಗುತ್ತದೆ.

ಚಳಿಗಾಲದಲ್ಲಿ ಕಷ್ಟ ಹೆಚ್ಚುವುದೇಕೆ?

ಹಿಮಾಲಯದ ತಪ್ಪಲಿನಲ್ಲಿ ಚಳಿಗಾಲವೇ ಗುಂಡಿಯನ್ನು ತೋಡುತ್ತದೆ. ಬಿರುಕಿನೊಳಗಿನ ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗಿ ರಸ್ತೆಯನ್ನು ಒಡೆಯುತ್ತದೆ. ದಖ್ಖನ್ ಪ್ರಸ್ಥಭೂಮಿಯಲ್ಲಿ ಅಂಥ ಚಳಿ ಇಲ್ಲ. ಇಲ್ಲಿ ಮಳೆಗಾಲ ತೋಡಿದ ಗುಂಡಿಯನ್ನು ಚಳಿಗಾಲ ಬಹಿರಂಗಪಡಿಸುತ್ತದೆ. ಹಾಗಿದ್ದರೂ ಕಷ್ಟ ಹೆಚ್ಚಲು ಹಲವು ಕಾರಣಗಳಿವೆ.

ಮೊದಲನೆಯದು ಬೆಳಕು. ನವೆಂಬರ್ ಕೊನೆಯ ವೇಳೆಗೆ ಹೈದರಾಬಾದಿನಲ್ಲಿ ಸಂಜೆ ಸುಮಾರು 5 ಗಂಟೆ 40 ನಿಮಿಷಕ್ಕೆ ಸೂರ್ಯಾಸ್ತವಾಗುತ್ತದೆ. ಕಚೇರಿ ಬಿಟ್ಟು ಮನೆಗೆ ಮರಳುವವರೆಲ್ಲ ಕತ್ತಲೆಯಲ್ಲಿಯೇ ವಾಹನ ನಡೆಸಬೇಕು. ಎದುರಿನ ವಾಹನದ ದೀಪ ಕಣ್ಣಿಗೆ ಹೊಡೆದಾಗ ಗುಂಡಿಯ ಕಪ್ಪಿಗೂ ಡಾಂಬರಿನ ಕಪ್ಪಿಗೂ ವ್ಯತ್ಯಾಸ ತಿಳಿಯದು.

ಎರಡನೆಯದು ಬೆಳಗಿನ ಬಿಸಿಲು. ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ಸರಿದು ಹುಟ್ಟುತ್ತಾನೆ. ಸಂಗಾರೆಡ್ಡಿಯ ಕಡೆಯಿಂದ ನಗರಕ್ಕೆ ಬರುವ ಹೆದ್ದಾರಿಯೂ ಬಹುಪಾಲು ಆಗ್ನೇಯಾಭಿಮುಖವಾಗಿದೆ. ಹೀಗಾಗಿ ಬೀದರ, ಹುಮನಾಬಾದ್‌ಗಳಿಂದ ನಸುಕಿನಲ್ಲಿ ಹೊರಟವರಿಗೆ ನಗರ ಸಮೀಪಿಸುವ ಹೊತ್ತಿನಲ್ಲಿ ತಗ್ಗಾದ ಬಿಸಿಲು ನೇರವಾಗಿ ಕಣ್ಣಿಗೆ ಬೀಳುತ್ತದೆ. ಕೆಲವು ದಿನಗಳಲ್ಲಿ ಕೆರೆಗಳ ಮತ್ತು ಹೊಲಗಳ ಬಳಿ ಮಂಜೂ ಕವಿದಿರುತ್ತದೆ.

ಮೂರನೆಯದು ಒಣ ಜಲ್ಲಿ ಮತ್ತು ಧೂಳು. ಗುಂಡಿಯಿಂದ ಎದ್ದುಬಂದ ಸಣ್ಣ ಕಲ್ಲುಗಳು ದ್ವಿಚಕ್ರ ವಾಹನದ ಚಕ್ರದಡಿ ಗೋಲಿಗಳಂತೆ ಉರುಳುತ್ತವೆ. ಗುಂಡಿಯನ್ನು ತಪ್ಪಿಸಿಕೊಂಡವನು ಜಲ್ಲಿಯ ಮೇಲೆ ಜಾರುವುದು ಸಾಮಾನ್ಯ.

ನಾಲ್ಕನೆಯದು ಅಗೆತ. ಮಳೆಗಾಲದಲ್ಲಿ ತಡೆಹಿಡಿದ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಮತ್ತು ದೂರವಾಣಿ ತಂತಿಗಳ ಕಾಮಗಾರಿಗಳೆಲ್ಲ ಮಳೆ ನಿಂತೊಡನೆ ಒಟ್ಟಿಗೆ ಆರಂಭವಾಗುತ್ತವೆ. ಒಂದು ಇಲಾಖೆ ಮುಚ್ಚಿದ ಕಡೆ ಮತ್ತೊಂದು ತೋಡುತ್ತದೆ. ತೋಡಿದ ಕಾಲುವೆಯನ್ನು ಪದರ ಪದರವಾಗಿ ದಮ್ಮಸು ಮಾಡದೆ ಬರಿಯ ಮಣ್ಣೆಳೆದು ಮುಚ್ಚಿದರೆ ಅದು ಬೇಗನೆ ಕುಸಿಯುವುದು ನಿಶ್ಚಿತ.

ಬೇಸರಕ್ಕೆ ತೆರುವ ಬೆಲೆ

ಗುಂಡಿಗಳಿಂದಾಗುವ ನಷ್ಟವನ್ನು ಕೇವಲ ಟಯರು, ಸಸ್ಪೆನ್ಷನ್‌ಗಳ ಖರ್ಚಿನಲ್ಲಿ ಅಳೆಯಲಾಗದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 1,68,491 ಜನ ರಸ್ತೆ ಅಪಘಾತಗಳಲ್ಲಿ ಮಡಿದರು. ಅವರಲ್ಲಿ 1,856 ಜನರ ಸಾವು ಗುಂಡಿಗಳಿಂದಾದ ಅಪಘಾತಗಳಲ್ಲಿ ಸಂಭವಿಸಿತು. 2013ರಿಂದ 2017ರವರೆಗಿನ ಐದು ವರ್ಷಗಳಲ್ಲಿ ಇಂಥ ಸಾವುಗಳ ಸಂಖ್ಯೆ 14,926. ಈ ಅಂಕಿಅಂಶವನ್ನು 2018ರಲ್ಲಿ ಪರಿಶೀಲಿಸಿದ ಸರ್ವೋಚ್ಚ ನ್ಯಾಯಾಲಯ ತೀವ್ರ ಕಳವಳ ವ್ಯಕ್ತಪಡಿಸಿತು. ಈ ಪ್ರತಿಯೊಂದು ಸಂಖ್ಯೆಯ ಹಿಂದೆ ಸಂಜೆ ಮನೆಯಲ್ಲಿ ಕಾದು ಕುಳಿತ ಒಂದು ಸಂಸಾರವಿತ್ತು ಎಂಬುದನ್ನು ಮರೆಯಬಾರದು.

ಕಣ್ಣಿಗೆ ಕಾಣದ ಮತ್ತೊಂದು ಹಾನಿ ಮನಸ್ಸಿನದು. ಪ್ರತಿ ಐವತ್ತು ಗಜಕ್ಕೊಮ್ಮೆ ಬ್ರೇಕ್ ಒತ್ತಿ, ಗೇರ್ ಬದಲಿಸಿ, ಹಿಂದಿನವನ ಹಾರ್ನಿಗೆ ಕಿವಿಗೊಟ್ಟು ಸಾಗುವವನ ತಾಳ್ಮೆ ಕ್ರಮೇಣ ಸವೆಯುತ್ತದೆ. ಒಳ್ಳೆಯ ರಸ್ತೆಯ ತುಂಡು ಸಿಕ್ಕಿದೊಡನೆ, ಕಳೆದುಕೊಂಡ ಹತ್ತು ನಿಮಿಷಗಳನ್ನು ಮರಳಿ ಗಳಿಸುವ ಆತುರದಲ್ಲಿ ಅವನು ವೇಗ ಹೆಚ್ಚಿಸುತ್ತಾನೆ. ಮುಂದಿನ ಗುಂಡಿ ಅವನಿಗಾಗಿ ಅಲ್ಲಿಯೇ ಕಾದಿರುತ್ತದೆ. ಗುಂಡಿ ಮತ್ತು ವೇಗ ಎರಡೂ ಸೇರಿದಾಗಲೇ ಗಂಭೀರವಾದ ಅಪಘಾತ ಸಂಭವಿಸುವುದು. ಗುಂಡಿಯನ್ನು ಮುಚ್ಚುವುದು ಚಾಲಕನ ಕೈಯಲ್ಲಿಲ್ಲ, ವೇಗ ಮಾತ್ರ ಸಂಪೂರ್ಣವಾಗಿ ಅವನ ಕೈಯಲ್ಲಿದೆ.

ಚಾಲಕರು ಅನುಸರಿಸಬೇಕಾದ ಕ್ರಮಗಳು

1. ಮುಂದಿನ ವಾಹನದಿಂದ ಸಾಕಷ್ಟು ಅಂತರವಿರಲಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತದೆ. ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹೋಗುವವನಿಗೆ ಬಸ್ಸು ದಾಟಿದ ಗುಂಡಿ ಕಾಣುವ ಹೊತ್ತಿಗೆ ಚಕ್ರ ಅದರೊಳಗೆ ಇಳಿದಿರುತ್ತದೆ.

2. ಗುಂಡಿ ತಪ್ಪಿಸಲಾಗದಷ್ಟು ಸಮೀಪಿಸಿದಾಗ ಥಟ್ಟನೆ ಪಕ್ಕಕ್ಕೆ ತಿರುಗಿಸಬಾರದು. ಗುಂಡಿಯ ಏಟಿಗಿಂತ ಪಕ್ಕದ ವಾಹನದ ಏಟು ಭೀಕರವಾದುದು. ನೇರವಾಗಿ ಸಾಗುತ್ತ ಮೊದಲೇ ಬ್ರೇಕ್ ಹಾಕಿ ವೇಗ ತಗ್ಗಿಸಿ, ಚಕ್ರ ಗುಂಡಿಗಿಳಿಯುವ ಕ್ಷಣದಲ್ಲಿ ಬ್ರೇಕ್ ಸಡಿಲಿಸಬೇಕು. ಬ್ರೇಕ್ ಒತ್ತಿದ ಚಕ್ರಕ್ಕೆ ಏಟು ಹೆಚ್ಚು ತಾಗುತ್ತದೆ.

3. ವೇಗ ಅರ್ಧಕ್ಕಿಳಿದರೆ ಚಲನೆಯ ಶಕ್ತಿ ಕಾಲುಭಾಗಕ್ಕಿಳಿಯುತ್ತದೆ. ಗೊತ್ತಿಲ್ಲದ ದಾರಿಯಲ್ಲಿ ರಾತ್ರಿ ಹೊತ್ತು ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

4. ಟಯರಿನ ಗಾಳಿಯನ್ನು ಬೆಳಿಗ್ಗೆ, ವಾಹನ ಓಡುವ ಮೊದಲು ಪರೀಕ್ಷಿಸಬೇಕು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಗಾಳಿಯ ಒತ್ತಡ ಸುಮಾರು 1.5 ಪಿ.ಎಸ್.ಐ.ನಷ್ಟು ಇಳಿಯುತ್ತದೆ. ಗಾಳಿ ಕಡಿಮೆಯಾದ ಟಯರು ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಸೀಳುತ್ತದೆ.

5. ಮುಂಗಾಜನ್ನು ಒಳಗೂ ಹೊರಗೂ ಒರೆಸಿ ಶುಚಿಯಾಗಿಡಬೇಕು. ಮಂಜಿನಲ್ಲಿ ದೀಪವನ್ನು ತಗ್ಗಿಸಿ ಉರಿಸಬೇಕು. ಎತ್ತರಿಸಿದ ಬೆಳಕು ಮಂಜಿನಿಂದಲೇ ಪ್ರತಿಫಲಿಸಿ ಚಾಲಕನ ಕಣ್ಣಿಗೇ ಹೊಡೆಯುತ್ತದೆ.

6. ದ್ವಿಚಕ್ರ ವಾಹನದಲ್ಲಿ ಸವಾರರಿಬ್ಬರೂ ಹೆಲ್ಮೆಟ್ ಧರಿಸಿ ಪಟ್ಟಿಯನ್ನು ಬಿಗಿದಿರಬೇಕು. ಹಿಂದೆ ಕುಳಿತವರು ಒಂದೇ ಕಡೆ ಕಾಲು ಚಾಚಿ ಕೂರುವ ಬದಲು ಎರಡೂ ಕಡೆ ಕಾಲಿಟ್ಟು ಕುಳಿತರೆ ಸಮತೋಲ ತಪ್ಪುವ ಸಂಭವ ಕಡಿಮೆ.

7. ದೊಡ್ಡ ಗುಂಡಿಗೆ ಬಿದ್ದ ಬಳಿಕ ಸ್ಟಿಯರಿಂಗ್ ಒಂದು ಕಡೆಗೆ ಎಳೆಯುತ್ತಿದ್ದರೆ, ನಡುಗುತ್ತಿದ್ದರೆ ಅಥವಾ ಟಯರಿನ ಪಕ್ಕದಲ್ಲಿ ಉಬ್ಬು ಕಂಡರೆ ಕೂಡಲೇ ಮೆಕ್ಯಾನಿಕ್‌ಗೆ ತೋರಿಸಬೇಕು. ಉಬ್ಬಿದ ಟಯರು ಯಾವ ಕ್ಷಣದಲ್ಲಾದರೂ ಸಿಡಿಯಬಹುದು.

ತೇಪೆ ಹಾಕುವ ಸರಿಯಾದ ವಿಧಾನ

ಗುಂಡಿಗೆ ಒಂದು ಬುಟ್ಟಿ ಜಲ್ಲಿ ಸುರಿದು ಸಲಿಕೆಯಿಂದ ತಟ್ಟಿ ಹೋಗುವುದನ್ನು ದುರಸ್ತಿ ಎನ್ನಲಾಗದು. ಜಯಕರ್ ಸಮಿತಿಯ ಶಿಫಾರಸಿನಂತೆ 1934ರಲ್ಲಿ ಸ್ಥಾಪನೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಈ ಕೆಲಸಕ್ಕೆ ಸ್ಪಷ್ಟವಾದ ವಿಧಿಗಳನ್ನು ರೂಪಿಸಿದೆ. ಮೊದಲು ಗುಂಡಿಯ ಸುತ್ತಲಿನ ಸಡಿಲವಾದ ಭಾಗವನ್ನೆಲ್ಲ ಸೇರಿಸಿಕೊಂಡು ಚೌಕಾಕಾರವಾಗಿ, ಅಂಚುಗಳು ನೆಟ್ಟಗೆ ನಿಲ್ಲುವಂತೆ ಗಟ್ಟಿ ಪದರ ಸಿಗುವವರೆಗೆ ಕತ್ತರಿಸಬೇಕು. ನೀರು, ಮಣ್ಣು, ಧೂಳನ್ನು ಪೂರ್ತಿಯಾಗಿ ತೆಗೆಯಬೇಕು. ತಳಕ್ಕೂ ಅಂಚುಗಳಿಗೂ ತೆಳುವಾದ ಡಾಂಬರಿನ ಲೇಪ ಕೊಡಬೇಕು. ಮಿಶ್ರಣವನ್ನು ಪದರಗಳಲ್ಲಿ ತುಂಬಿ ಪ್ರತಿಯೊಂದು ಪದರವನ್ನೂ ದಮ್ಮಸು ಮಾಡಬೇಕು. ಕೊನೆಗೆ ತೇಪೆ ಸುತ್ತಲಿನ ರಸ್ತೆಯ ಮಟ್ಟಕ್ಕೆ ಬಂದು ಅದರಲ್ಲಿ ನೀರು ನಿಲ್ಲದಂತಿರಬೇಕು.

ಬಿಸಿ ಮಿಶ್ರಣವನ್ನು ಅದು ಆರುವ ಮೊದಲೇ ಹಾಸಿ ರೋಲರ್ ಹಾಯಿಸಬೇಕು. ಚಳಿಗಾಲದ ರಾತ್ರಿಯಲ್ಲಿ ದೂರದ ಘಟಕದಿಂದ ಹೊದಿಕೆ ಇಲ್ಲದ ಲಾರಿಯಲ್ಲಿ ತಂದ ಮಿಶ್ರಣ ದಾರಿಯಲ್ಲಿಯೇ ಆರಿಹೋದರೆ ಗಟ್ಟಿಯಾಗಿ ಕೂರದು. ಬಿಸಿ ಮಾಡುವ ಅಗತ್ಯವಿಲ್ಲದ ಎಮಲ್ಷನ್ ಆಧಾರಿತ ತಣ್ಣನೆಯ ಮಿಶ್ರಣ ಮತ್ತು ಚೀಲಗಳಲ್ಲಿ ದೊರೆಯುವ ಸಿದ್ಧ ಮಿಶ್ರಣಗಳ ಬಳಕೆಗೂ 2014ರಲ್ಲಿ ರಸ್ತೆ ಕಾಂಗ್ರೆಸ್ ಮಾರ್ಗಸೂಚಿಗಳನ್ನು ಹೊರಡಿಸಿತು.

ಸಕಾಲದ ದುರಸ್ತಿಯ ಬೆಲೆ ಎಷ್ಟೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 1 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 7.5 ಸೆಂಟಿಮೀಟರ್ ಆಳದ ಗುಂಡಿಯನ್ನು ತುಂಬಲು ಸುಮಾರು 100 ಕಿಲೋಗ್ರಾಂ ಮಿಶ್ರಣ ಸಾಕು. ಇದೇ ಗುಂಡಿ ಉದ್ದ ಮತ್ತು ಅಗಲಗಳಲ್ಲಿ ಮೂರು ಪಟ್ಟು, ಆಳದಲ್ಲಿ ಎರಡು ಪಟ್ಟು ಬೆಳೆದರೆ ಬೇಕಾಗುವ ಮಿಶ್ರಣ ಹದಿನೆಂಟು ಪಟ್ಟು, ಅಂದರೆ ಹೆಚ್ಚು ಕಡಿಮೆ 1,800 ಕಿಲೋಗ್ರಾಂ! ಬಿರುಕು ಇರುವಾಗಲೇ ಮುಚ್ಚಿದ್ದರೆ ಒಂದು ಡಬ್ಬಿ ಡಾಂಬರಿನಲ್ಲಿ ಮುಗಿಯುತ್ತಿತ್ತು. ಮಳೆ ಹೋಗಿ ನೆಲ ಆರಿದ, ಬಿಸಿಲು ಹದವಾಗಿರುವ ದಖ್ಖನಿನ ಚಳಿಗಾಲವೇ ಈ ಕೆಲಸಕ್ಕೆ ಅತ್ಯಂತ ಯೋಗ್ಯವಾದ ಕಾಲ. ಈ ನಾಲ್ಕು ತಿಂಗಳುಗಳನ್ನು ಕಳೆದುಕೊಂಡರೆ ಮುಂದಿನ ಮಳೆಗೆ ಹಳೆಯ ಗುಂಡಿಗಳನ್ನೇ ಒಪ್ಪಿಸಿದಂತಾಗುತ್ತದೆ.

ಹಕ್ಕು ಮತ್ತು ಹೊಣೆ

1986ರಲ್ಲಿ ಹಿಮಾಚಲ ಪ್ರದೇಶದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಗುಡ್ಡಗಾಡಿನ ಜನರಿಗೆ ರಸ್ತೆ ಎಂಬುದು ಸಂವಿಧಾನದ 21ನೆಯ ಅನುಚ್ಛೇದವು ನೀಡಿರುವ ಜೀವಿಸುವ ಹಕ್ಕಿಗೆ ಸೇರಿದ್ದೆಂದು ಹೇಳಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 198ಎ ಕಲಮಿನಂತೆ, ನಿಗದಿಪಡಿಸಿದ ಮಾನದಂಡಗಳನ್ನು ಪಾಲಿಸದೆ ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆ ಮಾಡಿ ಸಾವಿಗೋ ಅಂಗವೈಕಲ್ಯಕ್ಕೋ ಕಾರಣವಾದ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಹನ್ನೆರಡು ಪುರಸಭೆಗಳನ್ನು ಸೇರಿಸಿಕೊಂಡು 2007ರಲ್ಲಿ ರೂಪುಗೊಂಡ ಗ್ರೇಟರ್ ಹೈದರಾಬಾದ್ ಮಹಾನಗರ ಪಾಲಿಕೆ, ಮುಖ್ಯ ರಸ್ತೆಗಳ ಪೈಕಿ ಸುಮಾರು 709 ಕಿಲೋಮೀಟರ್ ಉದ್ದದ ರಸ್ತೆಗಳನ್ನು 2019-20ರಲ್ಲಿ ಐದು ವರ್ಷಗಳ ಸಮಗ್ರ ನಿರ್ವಹಣೆಗಾಗಿ ಖಾಸಗಿ ಸಂಸ್ಥೆಗಳಿಗೆ ವಹಿಸಿತು. ರಸ್ತೆ ಹಾಕುವುದಷ್ಟೇ ಅಲ್ಲದೆ ಅದನ್ನು ಸುಸ್ಥಿತಿಯಲ್ಲಿ ಇಡುವ ಹೊಣೆಯೂ ಒಂದೇ ಕೈಯಲ್ಲಿ ಇರಲಿ ಎಂಬುದು ಈ ಯೋಜನೆಯ ಆಶಯ. ಆದರೆ ಇಂಥ ವ್ಯವಸ್ಥೆ ಫಲಿಸುವುದು ಮೇಲ್ವಿಚಾರಣೆಯಿಂದ ಮಾತ್ರ, ಮತ್ತು ಬಡಾವಣೆಗಳ ಒಳರಸ್ತೆಗಳಿಗೂ ಅಷ್ಟೇ ಗಮನ ದೊರೆತಾಗ ಮಾತ್ರ.

ಇಲ್ಲಿ ನಾಗರಿಕರು ಮಾಡಬಹುದಾದುದು ಸಾಕಷ್ಟಿದೆ. ದೂರು ಕೊಡುವಾಗ ಸ್ಥಳದ ಗುರುತು, ಗುಂಡಿಯ ಅಳತೆ, ದಿನಾಂಕ ಮತ್ತು ಛಾಯಾಚಿತ್ರಗಳನ್ನು ಒದಗಿಸಿ, ದೂರಿನ ಸಂಖ್ಯೆಯನ್ನು ಪಡೆದಿಟ್ಟುಕೊಳ್ಳಬೇಕು. ರಾಷ್ಟ್ರೀಯ ಹೆದ್ದಾರಿಗಳಿಗೆ ಸಂಬಂಧಿಸಿದ ತೊಂದರೆಗಳನ್ನು 1033 ಸಂಖ್ಯೆಗೆ ತಿಳಿಸಬಹುದು. ರಸ್ತೆ ಹಾಕಿದ ಗುತ್ತಿಗೆದಾರ ಯಾರು, ಅವನು ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಬೇಕಾದ ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನು ಮಾಹಿತಿ ಹಕ್ಕು ಕಾಯಿದೆ, 2005ರ ಅಡಿಯಲ್ಲಿ ಕೇಳಬಹುದು. ಇದೇ ಕಾಯಿದೆಯು ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ನೀಡಿದೆ ಎಂಬುದು ಅನೇಕರಿಗೆ ತಿಳಿಯದು. ಹೈದರಾಬಾದಿನಲ್ಲಿಯೇ ನಿವೃತ್ತ ರೈಲ್ವೆ ಎಂಜಿನಿಯರೊಬ್ಬರು ತಮ್ಮ ಪಿಂಚಣಿಯ ಹಣ ವೆಚ್ಚ ಮಾಡಿ, ಪತ್ನಿಯೊಡಗೂಡಿ ವರ್ಷಗಟ್ಟಲೆ ಗುಂಡಿಗಳನ್ನು ಮುಚ್ಚಿದುದು ದೇಶದ ಗಮನ ಸೆಳೆಯಿತು. ಅವರ ಶ್ರಮದಾನ ವಂದನೀಯ. ಅದನ್ನು ಮೆಚ್ಚಿಕೊಳ್ಳುವಾಗ, ಈ ಕೆಲಸ ಯಾರು ಮಾಡಬೇಕಾಗಿತ್ತು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಉಚಿತ.

ರಸ್ತೆಯಲ್ಲಿ ಯಾರಾದರೂ ಬಿದ್ದುದನ್ನು ಕಂಡರೆ 108 ಅಥವಾ 112ಕ್ಕೆ ಕರೆಮಾಡಿ, ನೆರವಿಗೆ ನಿಲ್ಲಬೇಕು. ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರಿಗೆ ಮೋಟಾರು ವಾಹನ ಕಾಯಿದೆಯ 134ಎ ಕಲಮು ರಕ್ಷಣೆ ನೀಡಿದೆ. ಹೆಸರು ವಿಳಾಸ ತಿಳಿಸಲೇಬೇಕೆಂದು ಅವರನ್ನು ಬಲವಂತಪಡಿಸುವಂತಿಲ್ಲ. ಪೊಲೀಸ್ ಠಾಣೆಯ ಭಯದಿಂದ ಹಿಂಜರಿಯುವ ಕಾರಣವಿಲ್ಲ.

ಮನೆಯ ಮುಂದಿನ ಚರಂಡಿಗೆ ಕಸ ಸುರಿಯದಿರುವುದು, ಬಚ್ಚಲ ನೀರನ್ನು ರಸ್ತೆಗೆ ಬಿಡದಿರುವುದು, ಮದುವೆ ಹಬ್ಬಗಳ ಚಪ್ಪರದ ಕಂಬಗಳಿಗಾಗಿ ಡಾಂಬರನ್ನು ಕೊರೆಯದಿರುವುದು ಇವೂ ರಸ್ತೆ ರಕ್ಷಣೆಯ ಕೆಲಸಗಳೇ. ಕಂಬಕ್ಕೆಂದು ತೋಡಿದ ಗೇಣುದ್ದದ ರಂಧ್ರ ಮುಂದಿನ ಮಳೆಯಲ್ಲಿ ಗುಂಡಿಯಾಗಿ, ಅದರ ಮುಂದಿನ ಚಳಿಗಾಲದಲ್ಲಿ ನೆರೆಯವರ ಮಗನನ್ನು ಬೀಳಿಸಬಹುದು. ನೀರನ್ನು ರಸ್ತೆಯಿಂದ ದೂರವಿಡುವ ಇಲಾಖೆ, ಅಗೆದುದನ್ನು ಕ್ರಮವಾಗಿ ಮುಚ್ಚುವ ಗುತ್ತಿಗೆದಾರ, ಮಿತಿಯರಿತು ಭಾರ ಹೇರುವ ಲಾರಿಯ ಮಾಲೀಕ, ಬೇಸರವನ್ನು ವೇಗವಾಗಿ ತೀರಿಸಿಕೊಳ್ಳದ ಚಾಲಕ, ಇವರೆಲ್ಲರೂ ತಮ್ಮ ತಮ್ಮ ಪಾಲಿನ ಕರ್ತವ್ಯವನ್ನು ನೆರವೇರಿಸಿದಾಗ ಮಾತ್ರ ಚಳಿಗಾಲದ ರಸ್ತೆ ನಿಜವಾಗಿಯೂ ಪ್ರಯಾಣಯೋಗ್ಯವಾಗುತ್ತದೆ.